ಕೊಕ್ಕಿನ ಬುಡದ ಬಿಳಿ ಚುಕ್ಕೆ: ಒಂದೇ ಒಂದು ಹಕ್ಕಿಯ ಪ್ರಕರಣ

ಕಳೆದ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ. ಬೆಳಿಗ್ಗೆ ಎಂಟೂವರೆ, ಮಂಜು ಇನ್ನೂ ಕರಗಿರಲಿಲ್ಲ. ನನ್ನ ಎಡಗೈಯಲ್ಲಿ ಹನ್ನೊಂದು ಗ್ರಾಂ ತೂಕದ ಒಂದು ಹಕ್ಕಿ, ಬಲಗೈಯಲ್ಲಿ ಪೆನ್ಸಿಲ್. ಜಾತಿಯ ಹೆಸರಿನ ಕಾಲಂನಲ್ಲಿ 'ವಿಲೋ ಟಿಟ್' ಎಂದು ಆಗಲೇ ಬರೆದಾಗಿತ್ತು. ಹಕ್ಕಿಯನ್ನು ನೋಡುವುದಕ್ಕೆ ಮೊದಲೇ ಬರೆದಿದ್ದೆ ಅಂದರೂ ತಪ್ಪಿಲ್ಲ.

ಜಾಗ ಇಂಗ್ಲೆಂಡಿನ ಯಾರ್ಕ್‌ಶೈರ್. ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ನೆಲ ಕುಸಿದು ನೀರು ನಿಂತ ತಗ್ಗು, ಅದರ ಸುತ್ತ ವಿಲೋ ಪೊದೆ, ಕೊಳೆತ ಬರ್ಚ್ ಮೋಟುಗಳು. ತಗ್ಗಿನ ಆಚೆ ದಿಣ್ಣೆ ಮೇಲೆ ಹಳೆಯ ಓಕ್ ಕಾಡು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಾನು ಶನಿವಾರಗಳಂದು ಹಕ್ಕಿಗಳಿಗೆ ಉಂಗುರ ತೊಡಿಸುವ ತಂಡವೊಂದರಲ್ಲಿ ತರಬೇತಿಯಲ್ಲಿದ್ದೇನೆ. ಕೂದಲೆಳೆಯಂಥ ನೂಲಿನ ಬಲೆಗೆ ಬಿದ್ದ ಹಕ್ಕಿಯನ್ನು ಬಿಡಿಸಿ ತರುವುದು, ಕಾಲಿಗೆ ಸಂಖ್ಯೆಯ ಉಂಗುರ ಹಾಕುವುದು, ರೆಕ್ಕೆ ಅಳೆದು ತೂಕ ನೋಡಿ ಬಿಟ್ಟುಬಿಡುವುದು, ಇಷ್ಟೇ ಕೆಲಸ. ಪರವಾನಗಿ ಇರುವುದು ತಂಡದ ಹಿರಿಯರಿಗೆ. ಎಪ್ಪತ್ತರ ಆಸುಪಾಸಿನ ಹೆಂಗಸು, ನಿವೃತ್ತ ಶಿಕ್ಷಕಿ. ಅವರ ಕಣ್ಣು ತಪ್ಪಿಸಿ ಒಂದು ಗರಿಯೂ ಅಲುಗಾಡದು.

ಮಾರ್ಷ್ ಟಿಟ್ ಮತ್ತು ವಿಲೋ ಟಿಟ್ ಎರಡೂ ನಮ್ಮೂರ ಬೂದು ಚೇಕಡಿ ಹಕ್ಕಿಯ ಬಳಗದವು. ಎರಡೂ ಸುಮಾರು ಹನ್ನೆರಡು ಸೆಂಟಿಮೀಟರ್ ಉದ್ದ. ಕಂದು ಬೆನ್ನು, ಮಾಸಲು ಹೊಟ್ಟೆ, ಬಿಳಿ ಕೆನ್ನೆ, ಕಪ್ಪು ನೆತ್ತಿ, ಗಲ್ಲದ ಕೆಳಗೆ ಕಪ್ಪು ಮಚ್ಚೆ. ಇಲ್ಲಿಯವರೆಗೆ ಎರಡಕ್ಕೂ ಒಂದೇ ವರ್ಣನೆ ಸಾಕು. ಇನ್ನು ಹೆಸರುಗಳನ್ನು ನಂಬಿ ಹೊರಟರೆ ದಾರಿ ತಪ್ಪಿದಂತೆಯೇ. ಮಾರ್ಷ್ ಅಂದರೆ ಜೌಗು. ಆದರೆ ಮಾರ್ಷ್ ಟಿಟ್‌ಗೆ ಬೇಕಾದದ್ದು ಒಣ ನೆಲದ, ದೊಡ್ಡ ಮರಗಳ ಹಳೆಯ ಕಾಡು. ಜೌಗಿನ ಪೊದೆಯಲ್ಲಿ ಇರುವುದು ಇನ್ನೊಂದು. ಅದರ ವೈಜ್ಞಾನಿಕ ಹೆಸರಿನಲ್ಲೋ 'ಬೆಟ್ಟದ್ದು' ಎಂಬ ಅರ್ಥವಿದೆ, ಏಕೆಂದರೆ 1827ರಲ್ಲಿ ಅದನ್ನು ಮೊದಲು ವರ್ಣಿಸಿದ ಕಾನ್ರಾಡ್ ಫಾನ್ ಬಾಲ್ಡೆನ್‌ಸ್ಟೈನ್ ಕಂಡಿದ್ದು ಸ್ವಿಟ್ಜರ್ಲೆಂಡಿನ ಬೆಟ್ಟದ ಕಾಡಿನಲ್ಲಿ.

ನಾನು ವಿಲೋ ಟಿಟ್ ಎಂದು ಬರೆಯಲು ಕಾರಣಗಳೇನೂ ಕಡಿಮೆ ಇರಲಿಲ್ಲ. ಮೊದಲನೆಯದು ಜಾಗ: ಗಣಿ ಕುಸಿದ ಇಂಥ ತಗ್ಗುಗಳೇ ಈಗ ಇಂಗ್ಲೆಂಡಿನಲ್ಲಿ ವಿಲೋ ಟಿಟ್‌ನ ಕೊನೆಯ ನೆಲೆಗಳು. 1970ರಿಂದ ಈಚೆಗೆ ಬ್ರಿಟನ್ನಿನಲ್ಲಿ ಅದರ ಸಂಖ್ಯೆ 90%ಕ್ಕಿಂತ ಹೆಚ್ಚು ಕುಸಿದಿದೆ. ಅಂಥದ್ದೊಂದು ಕೈಗೆ ಸಿಕ್ಕರೆ ಯಾರಿಗೆ ತಾನೇ ಆಸೆ ಆಗದು? ಎರಡನೆಯದು ನೆತ್ತಿ. ವಿಲೋ ಟಿಟ್‌ನ ನೆತ್ತಿ ಹೊಳಪಿಲ್ಲದ ಮಸಿ ಕಪ್ಪು, ಮಾರ್ಷ್ ಟಿಟ್‌ನದು ಮಿರುಗುವ ಕಪ್ಪು ಎಂದು ಪುಸ್ತಕ ಹೇಳುತ್ತದೆ, ಕೈಯಲ್ಲಿದ್ದ ಹಕ್ಕಿಯ ನೆತ್ತಿ ಮಿರುಗುತ್ತಿರಲಿಲ್ಲ. ಮೂರನೆಯದು ರೆಕ್ಕೆ. ವಿಲೋ ಟಿಟ್ ರೆಕ್ಕೆ ಮಡಿಚಿ ಕೂತಾಗ ಗರಿಗಳ ಮಾಸಲು ಅಂಚುಗಳೆಲ್ಲ ಒಂದರ ಮೇಲೊಂದು ಕೂಡಿ ತಿಳಿ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಇಲ್ಲೂ ಕಾಣುತ್ತಿತ್ತು. ನಾಲ್ಕನೆಯದು ಗಲ್ಲದ ಮಚ್ಚೆ, ಸ್ವಲ್ಪ ದೊಡ್ಡದೇ ಅನ್ನಿಸಿತು.

ಹಿರಿಯರು ಬಂದು ನನ್ನ ಹಾಳೆ ನೋಡಿದರು. ಹಕ್ಕಿಯನ್ನು ನೋಡಲಿಲ್ಲ.

"ದೊಡ್ಡ ಮಚ್ಚೆ ಅಂತೀಯಲ್ಲ, ಯಾವುದಕ್ಕಿಂತ ದೊಡ್ಡದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಕರಣದ ಗಂಟು ಬಿಚ್ಚಿಕೊಂಡಿದ್ದು ಆ ಒಂದು ಪ್ರಶ್ನೆಯಿಂದ. ಪುಸ್ತಕದ ಪುಟದಲ್ಲಿ ಎರಡು ಹಕ್ಕಿಗಳೂ ಅಕ್ಕಪಕ್ಕ ಕೂತಿರುತ್ತವೆ. ಬಲೆಗೆ ಬೀಳುವುದು ಒಂದೇ. ಹೆಚ್ಚು ಮಸುಕು, ಹೆಚ್ಚು ಅಗಲ, ಹೆಚ್ಚು ದಪ್ಪ ಕತ್ತು ಎನ್ನುವ ಗುರುತುಗಳೆಲ್ಲ ಎರಡನ್ನೂ ಒಟ್ಟಿಗೆ ಹಿಡಿದವರಿಗೆ ಮಾತ್ರ ದಕ್ಕುವಂಥವು.

ಆಮೇಲೆ ಒಂದೊಂದಾಗಿ ನನ್ನ ಸಾಕ್ಷಿಗಳನ್ನು ಉದುರಿಸುತ್ತಾ ಹೋದರು. ನೆತ್ತಿಯ ಮೇಲೆ ಮೆಲ್ಲಗೆ ಉಸಿರು ಬಿಟ್ಟು ಗರಿ ಬಿಡಿಸಿದರು. ಬಲೆಯ ತುಂಬ ಇಬ್ಬನಿ ಇತ್ತಲ್ಲ, ಹಕ್ಕಿಯ ತಲೆ ನೆನೆದಿತ್ತು. ಒದ್ದೆ ಗರಿ ಮಿರುಗುವುದಿಲ್ಲ, ಅದೂ ಮಂಜಿನ ಬೆಳಕಲ್ಲಿ. ಜೂನ್-ಜುಲೈನಲ್ಲಿ ಹಿಡಿದಿದ್ದರೆ ಇನ್ನೂ ಒಂದು ತೊಡಕು ಇರುತ್ತಿತ್ತು. ಗೂಡು ಬಿಟ್ಟ ಮಾರ್ಷ್ ಟಿಟ್ ಮರಿಗಳ ನೆತ್ತಿಯೂ ಮಸುಕಾಗಿಯೇ ಇರುತ್ತದೆ, ಮರಿಗರಿ ಉದುರಿ ಹೊಸದು ಬರುವ ತನಕ ಹೊಳಪು ಬಾರದು. ರೆಕ್ಕೆಯ ಪಟ್ಟಿಯ ಕತೆಯೂ ಅಷ್ಟೇ. ಕೆಲವು ಮಾರ್ಷ್ ಟಿಟ್‌ಗಳಿಗೂ ಮಾಸಲು ಅಂಚು ಇರುತ್ತದೆ. ಗರಿ ಸವೆದ ಬೇಸಿಗೆಯಲ್ಲಿ ವಿಲೋ ಟಿಟ್‌ಗಳೂ ಪಟ್ಟಿ ಕಳೆದುಕೊಳ್ಳುತ್ತವೆ. ರೆಕ್ಕೆಯ ಉದ್ದ ಅಳೆದರೆ 62 ಮಿಲಿಮೀಟರ್. ಈ ಅಳತೆ ಎರಡೂ ಜಾತಿಯಲ್ಲಿ ಬರುತ್ತದೆ, ಹಾಗಾಗಿ ಬರೆದುಕೊಂಡದ್ದಷ್ಟೇ ಲಾಭ. ಬಾಲದ ಅಂಚಿನ ಗರಿ ಗಿಡ್ಡವಾಗಿದ್ದು ಬಾಲದ ತುದಿ ದುಂಡಗೆ ಕಂಡರೆ ವಿಲೋ ಟಿಟ್ ಕಡೆಗೆ ವಾಲಬಹುದು, ನಮ್ಮದು ಹೆಚ್ಚುಕಡಿಮೆ ಚಚ್ಚೌಕ ಇತ್ತು. ಅದೂ ಒಂದು ಅನುಮಾನಕ್ಕೆ ದಾರಿ ಅಷ್ಟೇ, ತೀರ್ಪಲ್ಲ. ಇನ್ನು ಜಾಗದ ವಾದ. ಮಾರ್ಷ್ ಟಿಟ್ ಬಲು ಜಡ ಹಕ್ಕಿ ನಿಜ, ಗಂಡುಹೆಣ್ಣು ಒಮ್ಮೆ ಜಾಗ ಹಿಡಿದರೆ ವರ್ಷವಿಡೀ ಅಲ್ಲೇ. ಆದರೆ ಆ ವರ್ಷದ ಮರಿಗಳು ಹುಟ್ಟಿದ ಕಾಡು ಬಿಟ್ಟು ಅಲೆಯುತ್ತವೆ, ಚಳಿಗಾಲದಲ್ಲಿ ಬೇರೆ ಟಿಟ್‌ಗಳ ಗುಂಪು ಸೇರಿ ಎಲ್ಲಿ ಬೇಕಾದರೂ ಬರುತ್ತವೆ. ಓಕ್ ಕಾಡು ಇದ್ದದ್ದು ಇನ್ನೂರು ಮೀಟರ್ ದೂರದಲ್ಲಿ.

"ಈಗ ಕೊಕ್ಕು ನೋಡು" ಅಂದರು.

ಮಸೂರ ತೆಗೆದು ಹಿಡಿದೆ. ಕೊಕ್ಕು ಪೂರಾ ಕರಿ. ಆದರೆ ಮೇಲ್ಕೊಕ್ಕಿನ ಬುಡದಲ್ಲಿ, ಮೂಗಿನ ಹೊಳ್ಳೆಯ ಕೆಳಗೆ, ಸಾಸಿವೆಯ ಕಾಲು ಭಾಗದಷ್ಟು ಸಣ್ಣ ಮಾಸಲು ಬಿಳಿ ಚುಕ್ಕೆ. ಸುಣ್ಣ ತಾಗಿ ಒರೆಸಿ ಉಳಿದಂತೆ. ಉಗುರಿನ ತುದಿಯಿಂದ ಮುಟ್ಟಿ ನೋಡಿದೆ, ಬೀಜದ ಸಿಪ್ಪೆಯೋ ಏನೋ ಅಂಟಿರಬಹುದು ಅಂತ. ಅಲ್ಲ. ಕೊಕ್ಕಿನದೇ ಬಣ್ಣ. ಆ ಬದಿಗೆ ತಿರುಗಿಸಿದರೆ ಅಲ್ಲೂ ಅದೇ ಚುಕ್ಕೆ.

ಮಾರ್ಷ್ ಟಿಟ್.

ಈ ಚುಕ್ಕೆಯನ್ನು ಗುರುತಾಗಿ ಬಳಸಬಹುದೆಂದು ಪರೀಕ್ಷಿಸಿ ಬರೆದವರು ರಿಚರ್ಡ್ ಬ್ರಾಟನ್ ಮತ್ತು ಸಂಗಡಿಗರು, 2008ರಲ್ಲಿ. ಕೇಂಬ್ರಿಜ್‌ಶೈರಿನ ಮಂಕ್ಸ್ ವುಡ್ ಎಂಬ ಕಾಡಿನಲ್ಲಿ ಮಾರ್ಷ್ ಟಿಟ್‌ಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ ತಂಡ ಅದು. ಚುಕ್ಕೆ ಇದ್ದರೆ ಮಾರ್ಷ್, ಇಲ್ಲದಿದ್ದರೆ ವಿಲೋ. ನೂರಕ್ಕೆ ನೂರು ಅಲ್ಲ, ಅಪರೂಪಕ್ಕೆ ತಪ್ಪುವುದುಂಟು. ಆದರೂ ಕಣ್ಣಿಗೆ ಕಾಣುವ ಉಳಿದ ಯಾವ ಗುರುತಿಗೂ ಇಷ್ಟು ಬಲ ಇಲ್ಲ. ನನ್ನ ಮಟ್ಟಿಗೆ ಅದರ ನಿಜವಾದ ಗುಣ ಬೇರೆಯೇ: ಅದಕ್ಕೆ ಜೋಡಿ ಬೇಕಿಲ್ಲ. 'ಹೆಚ್ಚು' 'ಕಡಿಮೆ' ಅನ್ನುವ ಮಾತೇ ಇಲ್ಲ. ಇದೆಯೋ, ಇಲ್ಲವೋ. ಆಶ್ಚರ್ಯ ಏನೆಂದರೆ ಈ ಚುಕ್ಕೆ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಮಾರ್ಷ್ ಟಿಟ್‌ಗೆ ಹೆಸರಿಟ್ಟಾಗಲೂ ಅಲ್ಲೇ ಇತ್ತು. ಇನ್ನೂರೈವತ್ತು ವರ್ಷ ಜನ ನೆತ್ತಿ ನೋಡುತ್ತಿದ್ದರು, ರೆಕ್ಕೆ ನೋಡುತ್ತಿದ್ದರು.

ಅಂದು ಸಂಜೆ ಶಿರಸಿಗೆ ಫೋನ್ ಮಾಡಿದಾಗ ಆಯಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಎರಡೂ ಒಂದೇ ನಮ್ನಿ ಇದ್ರೆ ಒಂದೇ ಹೇಳಿ ಬರೆದ್ರೆ ಆಗ್ತಿಲ್ಯನ ತಮಾ?"

"ಚಾಲಿ, ಬಿಳೆಗೋಟು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ರೆ ಆಗ್ತನೇ?"

ಆಯಿ ನಕ್ಕಳು. ಸುಲಿದ ಅಡಿಕೆ ಗುಡ್ಡೆ ಮುಂದೆ ಕೂತು ಚಾಲಿ ಬೇರೆ, ಬಿಳೆಗೋಟು ಬೇರೆ, ಕೋಕಾ ಬೇರೆ ಮಾಡುವಾಗ ಅವಳ ಕೈ ಓಡುವುದನ್ನು ನೋಡಬೇಕು, ಅಡಿಕೆ ನೆಲಕ್ಕೆ ಬೀಳುವ ಮೊದಲೇ ಜಾತಿ ತೀರ್ಮಾನವಾಗಿರುತ್ತದೆ. ಆದರೆ ಒಂದೇ ಒಂದು ಅಡಿಕೆ ಕೈಗಿಟ್ಟು ಇದು ಯಾವುದು ಅಂತ ಕೇಳಿದರೆ ಅವಳೂ ಬೆಳಕಿಗೆ ಹಿಡಿಯುತ್ತಾಳೆ, ತಿರುಗಿಸುತ್ತಾಳೆ, ಕಡೆಗೆ ಕತ್ತರಿ ತರಲು ಹೇಳುತ್ತಾಳೆ. ಗುಡ್ಡೆ ಮುಂದಿದ್ದರೆ ಕಣ್ಣಿಗೆ ಅಳತೆಗೋಲು ತಾನಾಗಿ ಸಿಗುತ್ತದೆ.

ವಿಲೋ ಟಿಟ್ ಬ್ರಿಟನ್ನಿನಲ್ಲಿ ಸಿಕ್ಕಿಬಿದ್ದದ್ದೂ ಹಾಗೆ, ಗುಡ್ಡೆಯ ಮುಂದೆ. 1897ರಲ್ಲಿ ಅರ್ನ್‌ಸ್ಟ್ ಹಾರ್ಟರ್ಟ್ ಮತ್ತು ಆಟೊ ಕ್ಲೈನ್‌ಷ್ಮಿಟ್ ಎಂಬ ಇಬ್ಬರು ಜರ್ಮನ್ನರು ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದ್ದ ಮಾರ್ಷ್ ಟಿಟ್‌ಗಳನ್ನು ನೋಡುತ್ತಿದ್ದರು. ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ಬೆನ್ನ ಮೇಲೆ ಸಾಲಾಗಿ ಮಲಗಿಸಿದ ಹಕ್ಕಿ ಚರ್ಮಗಳು. ಎಲ್ಲಾ ಚೀಟಿಗಳಲ್ಲೂ ಒಂದೇ ಹೆಸರು. ಆ ಸಾಲಿನಲ್ಲಿ ಎರಡು ಮಾತ್ರ ಹೊಂದಲಿಲ್ಲ. ಅವು ವಿಲೋ ಟಿಟ್. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಇಂಥ ಹಕ್ಕಿ ಇದೆಯೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹುಡುಕಹೊರಟ ಮೇಲೆ ಇನ್ನೆರಡು ಸಿಕ್ಕಿದ್ದು ಎಲ್ಲೋ ದೂರದ ಕಾಡಲ್ಲಲ್ಲ, ಲಂಡನ್ನಿನ ಉತ್ತರ ಮಗ್ಗುಲಿನ ಫಿಂಚ್ಲಿಯ ಕೋಲ್‌ಫಾಲ್ ವುಡ್‌ನಲ್ಲಿ. 1900ರಲ್ಲಿ ವಿಲೋ ಟಿಟ್ ಅಧಿಕೃತವಾಗಿ ಬ್ರಿಟಿಷ್ ಹಕ್ಕಿಗಳ ಪಟ್ಟಿ ಸೇರಿತು. ಅದೇ ವರ್ಷ ಹೆಲ್‌ಮೈರ್ ಎಂಬ ಪಕ್ಷಿತಜ್ಞರು ಇಲ್ಲಿನ ಉಪಜಾತಿಗೆ ಕ್ಲೈನ್‌ಷ್ಮಿಟ್ ಹೆಸರನ್ನೇ ಇಟ್ಟರು. ಈ ನಾಡಿನ ಪಾದ್ರಿಗಳು, ಜಮೀನ್ದಾರರು, ಶಾಲಾ ಮೇಷ್ಟ್ರುಗಳು ಹಕ್ಕಿ ನೋಡುವುದರಲ್ಲಿ ಎಷ್ಟು ಪಳಗಿದವರು ಎಂಬುದು ಗೊತ್ತಿದ್ದವರಿಗೆ ಇದು ಸಣ್ಣ ಮುಖಭಂಗ ಅಲ್ಲ.

ಹಾಗಂತ ಇಂಗ್ಲಿಷರನ್ನು ಹೆಡ್ಡರೆಂದು ನಗುವುದೂ ನ್ಯಾಯವಲ್ಲ. ಸ್ಕ್ಯಾಂಡಿನೇವಿಯಾದ ವಿಲೋ ಟಿಟ್ ತಿಳಿ ಬೂದು ಬೆನ್ನಿನ, ಹಾಲುಬಿಳಿ ಕೆನ್ನೆಯ ಹಕ್ಕಿ. ಅದನ್ನು ಮಾರ್ಷ್ ಟಿಟ್ ಎನ್ನಲು ಕಣ್ಣು ಸಾಕಷ್ಟು ಮಂದ ಇರಬೇಕು. ಪಶ್ಚಿಮಕ್ಕೆ ಬಂದಂತೆ ಬೂದು ಕಡಿಮೆಯಾಗಿ ಕಂದು ಏರುತ್ತದೆ, ಬ್ರಿಟನ್ನಿನಲ್ಲಿ ಅದು ಅತಿ ಕಂದು. ಇಲ್ಲಿನ ಮಾರ್ಷ್ ಟಿಟ್ ಕೂಡ ಕಂದೇ. ಅಂದರೆ ಎರಡೂ ಜಾತಿ ಒಂದನ್ನೊಂದು ಹೋಲುವುದು ಎಲ್ಲೆಲ್ಲಿ ಹೆಚ್ಚೋ ಆ ನೆಲದಲ್ಲೇ ಇವರು ಹಕ್ಕಿ ನೋಡುತ್ತಿದ್ದರು. ಜರ್ಮನಿಯಲ್ಲಿ ಕ್ರಿಸ್ಟಿಯಾನ್ ಲುಡ್ವಿಗ್ ಬ್ರೆಮ್ 1831ರಲ್ಲೇ ವಿಲೋ ಟಿಟ್‌ಗೊಂದು ಹೆಸರು ಕೊಟ್ಟಿದ್ದರು. ಆದರೆ ಬ್ರೆಮ್ ಎಂದರೆ ಸಣ್ಣ ವ್ಯತ್ಯಾಸಕ್ಕೂ ಹೊಸ ಹೆಸರಿಡುವವರೆಂಬ ಖ್ಯಾತಿ. ನೂರು ಸಲ ಹುಲಿ ಬಂತು ಅಂದವರ ನೂರೊಂದನೇ ಕೂಗಿಗೆ ಓಡಿ ಬರುವವರು ಯಾರು.

ಈ ಹಾರ್ಟರ್ಟ್ ಮೂಲಕ ನಮ್ಮ ಕಡೆಗೂ ಒಂದು ಎಳೆ ಇದೆ. ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ಮ್ಯೂಸಿಯಮ್ಮಿನಲ್ಲಿ ಅವರ ಬಳಿ ಕೆಲಸ ಮಾಡಿದವರು ಅರ್ವಿನ್ ಸ್ಟ್ರೆಸೆಮನ್ ಎಂಬ ಜರ್ಮನ್ ಪಕ್ಷಿತಜ್ಞ. ಮುಂದೆ ಸ್ಟ್ರೆಸೆಮನ್ ಬರ್ಲಿನ್ನಿಗೆ ಹೋದರು, 1929ರಲ್ಲಿ ಅಲ್ಲಿಗೆ ಕಲಿಯಲು ಬಂದವರು ಸಲೀಂ ಅಲಿ. ಚರ್ಮಗಳನ್ನು ಸಾಲಾಗಿ ಇಟ್ಟು, ಗರಿ ಗರಿ ಅಳೆದು ಹೋಲಿಸುವ ಆ ಗರಡಿಯ ಶಿಸ್ತಿನಿಂದಲೇ ಅವರು ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು. ಚಳಿಗಾಲಕ್ಕೆ ಪಶ್ಚಿಮ ಘಟ್ಟಕ್ಕೆ ಬರುವ ಹಸಿರು ಎಲೆ ಉಲಿಯಕ್ಕಿಗಳ ಮುಂದೆ ನಿಂತವರಿಗೆ ಈ ಸಂಕಟ ಹೊಸದಲ್ಲ. ಎಲೆ ಮರೆಯ ಎಂಟು ಗ್ರಾಂ ಹಕ್ಕಿ, ರೆಕ್ಕೆಯ ಮೇಲೊಂದು ತೆಳು ಗೆರೆ, ಹೊಟ್ಟೆ ಹಳದಿಯೋ ಮಾಸಲೋ ಎಂದು ಕತ್ತು ನೋಯುವ ತನಕ ಜಗಳ. ಅಲ್ಲೂ ಕೊನೆಗೆ ಕಿವಿಯೇ ಗತಿ.

ಕಿವಿಯ ಮಾತು ಇಲ್ಲಿಗೂ ಸಲ್ಲುತ್ತದೆ. ಮಾರ್ಷ್ ಟಿಟ್ ಸೀನಿದಂತೆ 'ಪಿಚ್ಚೂ' ಅನ್ನುತ್ತದೆ, ಚುರುಕಾಗಿ, ಒಂದೇ ಉಸಿರಿಗೆ. ವಿಲೋ ಟಿಟ್‌ಗೆ ಆ ಸದ್ದು ಬಾರದು. ಅದರದು ಮೂಗಿನಿಂದ ಎಳೆದ 'ಚ್ಯಾ... ಚ್ಯಾ... ಚ್ಯಾ', ಊಟಕ್ಕೆ ಕರೆದರೂ ಬಾರದ ಮಗುವಿನ ರಾಗದಂತೆ. ಆದರೆ ಇದನ್ನು ತಿರುಗಿಸಿ ಓದಬಾರದು. ಮಾರ್ಷ್ ಟಿಟ್ ಕೂಡ ಸಿಟ್ಟಿಗೆದ್ದಾಗ ಮೂಗಿನ ದನಿ ತೆಗೆಯುತ್ತದೆ, ಹೊಸಬರು ಮೋಸ ಹೋಗುವುದು ಅಲ್ಲಿಯೇ. 'ಪಿಚ್ಚೂ' ಕೇಳಿಸಿದರೆ ಮಾರ್ಷ್, ಅದರಲ್ಲಿ ಅನುಮಾನವಿಲ್ಲ. ಕೇಳಿಸದಿದ್ದರೆ ಏನೂ ಸಾಬೀತಾಗಲಿಲ್ಲ.

ಹನ್ನೊಂದು ಗ್ರಾಂ ಹಕ್ಕಿಯ ಹೆಸರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ನಮ್ಮ ತಗ್ಗಿನ ಉದಾಹರಣೆಯನ್ನೇ ಕೊಡುತ್ತೇನೆ. ವಿಲೋ ಟಿಟ್ ಪ್ರತಿ ವರ್ಷ ತನ್ನ ಗೂಡಿನ ಪೊಟರೆಯನ್ನು ತಾನೇ ಕೊರೆಯುತ್ತದೆ, ಟಿಟ್ ಬಳಗದಲ್ಲಿ ಎಲ್ಲರೂ ಹಾಗಲ್ಲ. ಅದರ ಕೊಕ್ಕಿಗೆ ಬಲ ಸಾಲದು, ಹಾಗಾಗಿ ಮೆತ್ತಗೆ ಕೊಳೆತ ಮರವೇ ಬೇಕು, ಬರ್ಚ್, ವಿಲೋ, ಎಲ್ಡರ್ ಮೋಟುಗಳು. ತೇವ ನೆಲ, ಎಳೆಯ ದಟ್ಟ ಪೊದೆ ಇದ್ದರೇ ಅದು ಇದ್ದೀತು. ಪೊದೆ ಬೆಳೆದು ಎತ್ತರದ ಕಾಡಾದರೆ ಜಾಗ ಬಿಡುತ್ತದೆ. ಕೊರೆದ ಪೊಟರೆಯನ್ನೂ ಎಷ್ಟೋ ಸಲ ನೀಲಿ ಟಿಟ್‌ಗಳು ಜಗಳವಾಡಿ ಕಿತ್ತುಕೊಳ್ಳುತ್ತವೆ, ಮರಕುಟಿಗ ಒಡೆದು ಮರಿಗಳನ್ನು ತಿಂದುಹೋಗುತ್ತದೆ. ಮಾರ್ಷ್ ಟಿಟ್ ಕೊರೆಯುವ ಗೋಜಿಗೆ ಹೋಗುವುದಿಲ್ಲ, ಮರದಲ್ಲಿ ಮೊದಲೇ ಇರುವ ಪೊಟರೆ ಸಾಕು. ಅದಕ್ಕೆ ಬೇಕಿರುವುದು ಮುದಿ ಮರಗಳ ದೊಡ್ಡ ಕಾಡು. ಅಂದರೆ ಒಂದಕ್ಕಾಗಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಪೊದೆ ಕಡಿದು ಚಿಗುರಲು ಬಿಡಬೇಕು, ಇನ್ನೊಂದಕ್ಕಾಗಿ ಕೊಡಲಿ ಮುಟ್ಟಲೇಬಾರದು. ನನ್ನಂಥವನ ಹಾಳೆಯಲ್ಲಿ ಹೆಸರು ಅದಲುಬದಲಾದರೆ ಗರಗಸ ತಪ್ಪು ಕಾಡಿಗೆ ಹೋಗುತ್ತದೆ. ಮಾರ್ಷ್ ಟಿಟ್ ಕೂಡ ಸುಖವಾಗಿಲ್ಲ, ಅದರ ಸಂಖ್ಯೆಯೂ ಕಳೆದ ಐವತ್ತು ವರ್ಷಗಳಲ್ಲಿ ತೀವ್ರವಾಗಿ ಇಳಿದಿದೆ, ಅದೂ ಬ್ರಿಟನ್ನಿನ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿದೆ.

ನೋಟ ಒಂದೇ ಆದರೂ ರಕ್ತಸಂಬಂಧ ಅಷ್ಟೇನೂ ಹತ್ತಿರದ್ದಲ್ಲ ಎಂಬುದು ಇನ್ನೊಂದು ತಮಾಷೆ. ವಿಲೋ ಟಿಟ್ ಮತ್ತು ಉತ್ತರ ಅಮೆರಿಕದ ಕರಿನೆತ್ತಿಯ ಚಿಕಡೀ ಎರಡೂ ಒಂದೇ ಜಾತಿ ಎಂದು ನಂಬಿದ್ದ ಕಾಲವೂ ಒಂದಿತ್ತು. ಸಾಗರದಾಚೆಯದು ದಾಯಾದಿ, ಪಕ್ಕದ ಮರದ್ದು ಬರೀ ನೆರೆಯವ.

ಪ್ರಕರಣಕ್ಕೆ ಮರಳುತ್ತೇನೆ. ಹಾಳೆಯಲ್ಲಿ 'ವಿಲೋ' ಹೊಡೆದು 'ಮಾರ್ಷ್' ಬರೆದೆ. ಅಳಿಸಲು ರಬ್ಬರ್ ಕೇಳಿದ್ದಕ್ಕೆ ಹಿರಿಯರು ಬೇಡ ಅಂದರು. ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆ, ಮೊದಲು ಏನೆಂದುಕೊಂಡಿದ್ದೆವು ಅನ್ನುವುದೂ ಕಾಣಲಿ ಅಂದರು. ವಯಸ್ಸಿನ ಕಾಲಂನಲ್ಲಿ ಆ ವರ್ಷದ ಮರಿ ಎಂದು ಸೇರಿಸಿದೆ. ಏಕೆಂದರೆ ಬಾಲದ ಗರಿಗಳ ತುದಿ ಚೂಪಾಗಿತ್ತು. ಅದರ ಮುಂದೆ ಕೊಕ್ಕಿನ ಚುಕ್ಕೆ, ಎರಡೂ ಬದಿ, ಇದೆ ಎಂದು. ಅಂಗೈ ಬಿಚ್ಚಿದೆ. ಹಕ್ಕಿ ಒಂದು ಕ್ಷಣ ಹಾಗೇ ಮಲಗಿತ್ತು, ಬಿಡುಗಡೆ ಆಗಿದ್ದು ಅದಕ್ಕೇ ಗೊತ್ತಾಗಿರಲಿಲ್ಲವೇನೋ. ಆಮೇಲೆ ಹಾರಿ ಬರ್ಚ್ ಕೊಂಬೆಗೆ ಹೋಗಿ ಕೂತು, ಗರಿ ಕೊಡವಿ, ನನ್ನ ಕಡೆ ತಿರುಗಿ ಒಮ್ಮೆ ಸೀನಿತು. ಪಿಚ್ಚೂ.

ಹನ್ನೊಂದು ಗಂಟೆಗೆ ಬಲೆ ಸುತ್ತುವಾಗ ತಗ್ಗಿನ ಆಚೆ ದಡದ ವಿಲೋ ಪೊದೆಯಲ್ಲಿ ಇನ್ನೊಂದು ಕಾಣಿಸಿತು. ಕಪ್ಪು ನೆತ್ತಿ, ಬಿಳಿ ಕೆನ್ನೆ, ದಪ್ಪ ಕತ್ತು. ನನ್ನ ಕಣ್ಣಿಗೆ ರೆಕ್ಕೆಯ ಪಟ್ಟಿಯೂ ಕಂಡಂತಾಯಿತು. ಬೈನಾಕ್ಯುಲರ್ ಏರಿಸುವಷ್ಟರಲ್ಲಿ ಪೊದೆಯೊಳಗೆ ನುಸುಳಿತು, ಐದು ನಿಮಿಷ ಕಾದರೂ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಆ ದಿನದ ಪಟ್ಟಿಯನ್ನು ಹಕ್ಕಿ ದಾಖಲೆಗಳ ಜಾಲತಾಣ ಈ-ಬರ್ಡ್‌ಗೆ ಹಾಕುವಾಗ ಅಲ್ಲಿ ಇಂಥವಕ್ಕೆಂದೇ ಇಟ್ಟಿರುವ ಸಾಲು ಹುಡುಕಿದೆ: 'ಮಾರ್ಷ್/ವಿಲೋ ಟಿಟ್'. ಮುಂದೆ 1 ಎಂದು ಹಾಕಿದೆ.